ನಮ್ಮ ಬ್ಯಾಂಕಿನ ಸಾಲ, ಅರುಣ್ ನದಿಯ ಊರು: ಸಂಸದರಿಗೆ ಒಂದು ಬಹಿರಂಗ ಪತ್ರ

ಮೈಸೂರು-ಕೊಡಗು ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ನಮಸ್ಕಾರ.

ನಮ್ಮ ದೇಶದ ಬ್ಯಾಂಕುಗಳು ಹೊರದೇಶದ ಅಣೆಕಟ್ಟುಗಳಿಗೆ ಕೊಡುತ್ತಿರುವ ಸಾಲದ ಬಗ್ಗೆ ನೀವು ಲೋಕಸಭೆಯಲ್ಲಿ ಒಂದು ಪ್ರಶ್ನೆ ಎತ್ತಬೇಕು. ಅದಕ್ಕಾಗಿ ಈ ಪತ್ರ. ನೇಪಾಳದ ಡ್ಯಾಮಿಗೂ ಕೊಡಗಿಗೂ ಏನು ಸಂಬಂಧ ಅಂತ ಅನ್ನಿಸಬಹುದು. ಸಂಬಂಧ ಇದೆ.

ಪೂರ್ವ ನೇಪಾಳದ ಸಂಖುವಾಸಭಾ ಜಿಲ್ಲೆಯಲ್ಲಿ ಅರುಣ್ ನದಿ ಹರಿಯುತ್ತದೆ. ಅಲ್ಲಿ 900 ಮೆಗಾವಾಟ್‌ನ ಅರುಣ್-3 ಜಲವಿದ್ಯುತ್ ಯೋಜನೆಯನ್ನು ಕಟ್ಟುತ್ತಿರುವುದು ನಮ್ಮ ಸರ್ಕಾರಿ ಕಂಪನಿ ಎಸ್‌ಜೆವಿಎನ್. 2018ರ ಮೇ ತಿಂಗಳಲ್ಲಿ ಎರಡೂ ದೇಶಗಳ ಪ್ರಧಾನಿಗಳು ಸೇರಿ ಅಡಿಗಲ್ಲು ಹಾಕಿದರು. ಸಾಲ ಕೊಟ್ಟ ಬ್ಯಾಂಕುಗಳಲ್ಲಿ ಎಸ್‌ಬಿಐ, ಎಕ್ಸಿಮ್ (ರಫ್ತು-ಆಮದು) ಬ್ಯಾಂಕ್ ಜೊತೆ ನಮ್ಮ ಕೆನರಾ ಬ್ಯಾಂಕ್ ಕೂಡ ಇದೆ. ಕಾಫಿ, ಮೆಣಸು ಮಾರಿದ ದುಡ್ಡನ್ನು ನಾವು ಇಡುವುದು ಇಂಥ ಬ್ಯಾಂಕುಗಳಲ್ಲೇ ಅಲ್ವಾ? ಹಾಗಾಗಿ ಆ ದುಡ್ಡು ಎಲ್ಲಿಗೆ ಹೋಗುತ್ತದೆ, ಯಾರ ಗದ್ದೆ ಮುಳುಗಿಸುತ್ತದೆ ಅಂತ ಕೇಳುವ ಹಕ್ಕು ನಮಗಿದೆ.

ಇದೇ ಅರುಣ್ ನದಿಗೆ ಅಣೆಕಟ್ಟು ಕಟ್ಟಲು 90ರ ದಶಕದಲ್ಲಿ ವಿಶ್ವಬ್ಯಾಂಕ್ ಮುಂದೆ ಬಂದಿತ್ತು. ಜನ ದೂರು ಕೊಟ್ಟರು, 1995ರಲ್ಲಿ ಬ್ಯಾಂಕ್ ಹಿಂದೆ ಸರಿಯಿತು. ಆ ದೂರು ಹೋಗಿದ್ದು ವಿಶ್ವಬ್ಯಾಂಕ್‌ನ ತನಿಖಾ ಸಮಿತಿಗೆ. ಆ ಸಮಿತಿಗೆ ಬಂದ ಮೊದಲ ದೂರೇ ಅದು. ಸಮಿತಿ ಹುಟ್ಟಿದ್ದಾದರೂ ಹೇಗೆ? ನಮ್ಮ ನರ್ಮದೆಯಿಂದ. ಆ ನದಿಯ ಸರ್ದಾರ್ ಸರೋವರ ಅಣೆಕಟ್ಟಿಗೆ 1985ರಲ್ಲಿ ವಿಶ್ವಬ್ಯಾಂಕ್ 45 ಕೋಟಿ ಡಾಲರ್ ಸಾಲ ಮಂಜೂರು ಮಾಡಿತ್ತು. ಆದಿವಾಸಿಗಳು, ರೈತರು ವರ್ಷಗಟ್ಟಲೆ ಹೋರಾಡಿದ ಮೇಲೆ ಬ್ಯಾಂಕ್ ತಾನೇ ಒಂದು ಸ್ವತಂತ್ರ ಪರಿಶೀಲನೆ ಮಾಡಿಸಿತು. ಬ್ರಾಡ್‌ಫೋರ್ಡ್ ಮೋರ್ಸ್ ನೇತೃತ್ವದ ಆ ತಂಡ 1992ರಲ್ಲಿ ಕೊಟ್ಟ ವರದಿ ಪುನರ್ವಸತಿಯ ಲೋಪಗಳನ್ನೆಲ್ಲ ಬಿಚ್ಚಿಟ್ಟಿತು. 1993ರಲ್ಲಿ ಭಾರತ ಉಳಿದ ಸಾಲವೇ ಬೇಡ ಎಂದಿತು. ಅದೇ ವರ್ಷ ಬ್ಯಾಂಕ್ ತನಿಖಾ ಸಮಿತಿ ಮಾಡಿತು. ಸಾಲ ಕೊಟ್ಟವರನ್ನು ಹಳ್ಳಿಯವರೂ ಪ್ರಶ್ನಿಸಬಹುದು ಅನ್ನೋದನ್ನು ಜಗತ್ತಿಗೆ ಕಲಿಸಿಕೊಟ್ಟವರು ನಮ್ಮ ಜನ. ಇವತ್ತು ಸಾಲ ಕೊಡುವ ಜಾಗದಲ್ಲಿ ನಾವೇ ಇದ್ದೇವೆ. ಸಂಖುವಾಸಭಾದ ರೈತನಿಗೆ ನಮ್ಮ ಬ್ಯಾಂಕುಗಳ ಮುಂದೆ ಅದೇ ಹಕ್ಕು ಸಿಗಬೇಕು.

ಇದನ್ನು ಹಾರಂಗಿ ಹಿನ್ನೀರಿನ ಪಕ್ಕ ಕೂತು ಬರೆಯುತ್ತಿದ್ದೇನೆ. ಏಪ್ರಿಲ್ ಕೊನೆಗೆ ನೀರು ಇಳಿದರೆ ನಮ್ಮ ಅಜ್ಜನ ಮನೆಯ ಮೆಟ್ಟಿಲು ಕಲ್ಲುಗಳು ಕಾಣುತ್ತವೆ. ಪಕ್ಕದಲ್ಲಿ ಒಂದು ಒರಳು, ಅದರ ಗುಂಡಿ ತುಂಬ ಹೂಳು. ಹಾರಂಗಿಗೆ ಹೊರದೇಶದ ಸಾಲ ಇರಲಿಲ್ಲ, ನಮ್ಮದೇ ಸರ್ಕಾರ ಕಟ್ಟಿದ್ದು. ಆದರೆ ಮುಳುಗುವವರ ಪಾಡು ಎಲ್ಲ ಕಡೆ ಒಂದೇ. ಅಜ್ಜನಿಗೆ ಪರಿಹಾರ ಬಂದಿದ್ದು ದಾಖಲೆಯಲ್ಲಿದ್ದ ಗದ್ದೆಗೆ ಮಾತ್ರ. ಬಾಣೆಗೆ, ಅಂದರೆ ಗದ್ದೆಗೆ ಸೇರಿದ ಪಕ್ಕದ ಕಾಡುಜಮೀನಿಗೆ, ಬರಲಿಲ್ಲ. ಸೌದೆ, ಗೊಬ್ಬರದ ಸೊಪ್ಪು, ದನಕ್ಕೆ ಮೇವು ಎಲ್ಲ ಬಾಣೆಯಿಂದಲೇ ಬರುತ್ತಿತ್ತು. ಬಾಣೆ ಇಲ್ಲದೆ ಗದ್ದೆ ಬೇಸಾಯ ಹೇಗೆ ಅಂತ ಅಳತೆಗೆ ಬಂದವರು ಕೇಳಲೇ ಇಲ್ಲ. ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದವರಿಗಂತೂ ಏನೂ ಸಿಗಲಿಲ್ಲ. ಅವರ ಹೆಸರಲ್ಲಿ ಮುಳುಗಲು ಜಮೀನೇ ಇರಲಿಲ್ಲವಲ್ಲ.

ಸಂಖುವಾಸಭಾದವರೂ ನಮ್ಮ ಹಾಗೆ ಏಲಕ್ಕಿ ಬೆಳೆಯುವವರು. ಅವರದು ದೊಡ್ಡ ಏಲಕ್ಕಿ, ಕಾಡಿನ ನೆರಳಲ್ಲಿ ಬೆಳೆಯುವುದು. ಕಾಗದವಿಲ್ಲದ ಕಾಡು, ಹುಲ್ಲುಗಾವಲು, ಮೀನಿನ ಮಡು, ಇವನ್ನೆಲ್ಲ ಯಾರು ಲೆಕ್ಕ ಹಾಕುತ್ತಾರೆ?

2018 ನಿಮಗೆ ನೆನಪಿರುತ್ತದೆ. ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜಾರಿತು. ಕೆಳಗೆ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿತು. ಅದಕ್ಕೆ ಒಂದು ತಿಂಗಳೂ ಆಗಿರಲಿಲ್ಲ, ಜುಲೈ 23ರ ರಾತ್ರಿ ಲಾವೋಸ್‌ನಲ್ಲಿ ಕಟ್ಟುತ್ತಿದ್ದ ಒಂದು ಜಲವಿದ್ಯುತ್ ಯೋಜನೆಯ ಪಕ್ಕದ ಒಡ್ಡು ಒಡೆದಿತ್ತು. ಕಂಪನಿಗಳು ಮುಖ್ಯವಾಗಿ ಕೊರಿಯಾ, ಥಾಯ್ಲೆಂಡಿನವು. ಸಾಲ ಥಾಯ್ ಬ್ಯಾಂಕುಗಳದ್ದು. ಕರೆಂಟ್ ಹೆಚ್ಚುಪಾಲು ಹೋಗಬೇಕಿದ್ದದ್ದು ಥಾಯ್ಲೆಂಡಿಗೆ. ಸತ್ತವರು ಮಾತ್ರ ಲಾವೋಸಿನ ಹಳ್ಳಿಯವರು. ಸಾವಿರಾರು ಜನ ಮನೆ ಕಳೆದುಕೊಂಡರು. ರಾತ್ರಿ ಹೊಳೆ ಸದ್ದು ಜಾಸ್ತಿ ಆಯಿತು ಅಂದರೆ ಎದ್ದು ಟಾರ್ಚ್ ಹಿಡಿದು ನೋಡುವ ನಮಗೆ ಆ ಸುದ್ದಿ ಓದಿ ಸುಮ್ನೆ ಇರಲು ಆಗುವುದಿಲ್ಲ.

ಭೂತಾನದ್ದೂ ಹೇಳಬೇಕು. ಅಲ್ಲಿ ಚುಖಾ, ತಾಲಾ ಜಲವಿದ್ಯುತ್ ಯೋಜನೆಗಳಿಂದ ಆ ದೇಶಕ್ಕೆ ನಿಜಕ್ಕೂ ಆದಾಯ ಬಂದಿದೆ. ಭಾರತ ಕೊಟ್ಟ ನೆರವು ಅದು, ನನಗೂ ಹೆಮ್ಮೆ. ಆದರೆ 1,200 ಮೆಗಾವಾಟ್‌ನ ಪುನಾತ್ಸಾಂಗ್‌ಛು-1 ನೋಡಿ. 2008ರಲ್ಲಿ ಶುರುವಾಯಿತು. 2013ರಲ್ಲಿ ಅಣೆಕಟ್ಟಿನ ಜಾಗದಲ್ಲೇ ಬಲದಂಡೆಯ ಗುಡ್ಡ ಜಾರಿತು. ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು, ಖರ್ಚು ಏರುತ್ತಾ ಹೋಯಿತು. ನಮ್ಮ ಹಣದಲ್ಲಿ ಒಂದು ಭಾಗ ಅನುದಾನವಾದರೂ ದೊಡ್ಡ ಭಾಗ ಸಾಲ. ಇಂದು ಭೂತಾನದ ಹೊರಸಾಲದಲ್ಲಿ ಹೆಚ್ಚಿನ ಪಾಲು ಜಲವಿದ್ಯುತ್ತಿನದೇ. ಗುಡ್ಡ ಜಾರಿದ್ದಕ್ಕೆ ಬಡ್ಡಿ ಕಟ್ಟಬೇಕಾದವರು ಗುಡ್ಡದ ಕೆಳಗಿನವರೇ ಆಗಬೇಕಾ?

ಅಣೆಕಟ್ಟೇ ಬೇಡ ಅಂತ ನಾನು ಹೇಳುತ್ತಿಲ್ಲ. ನೇಪಾಳಕ್ಕೂ ಕರೆಂಟ್ ಬೇಕು, ಅರುಣ್-3ರಿಂದ ಅದಕ್ಕೆ ಶೇಕಡಾ 21.9ರಷ್ಟು ವಿದ್ಯುತ್ ಉಚಿತವಾಗಿ ಸಿಗಲಿದೆ. ನನ್ನ ಕೋರಿಕೆ ಸಾಲದ ಷರತ್ತುಗಳ ಬಗ್ಗೆ.

ಹೊರದೇಶದ ಅಣೆಕಟ್ಟಿಗೆ ನಮ್ಮ ಬ್ಯಾಂಕ್ ಸಾಲ ಕೊಟ್ಟರೆ, ಅಲ್ಲಿಯ ಜನ ತಮ್ಮ ಭಾಷೆಯಲ್ಲೇ ದೂರು ಕೊಡಲು ಒಂದು ಸ್ವತಂತ್ರ ಸಮಿತಿ ಇಲ್ಲೇ ಇರಬೇಕು. ಪರಿಸರ ವರದಿ ಸಾಲ ಮಂಜೂರಾಗುವ ಮೊದಲೇ ಆ ಊರಿನವರ ಕೈಗೆ ಸಿಗಬೇಕು. ಕಾಗದವಿಲ್ಲದ ಜಮೀನು, ಕಾಡು, ಕೂಲಿ, ಇವೂ ಪರಿಹಾರದ ಲೆಕ್ಕಕ್ಕೆ ಬರಬೇಕು. ಒಡ್ಡು ಒಡೆದರೆ ನೀರು ಯಾವ ಊರಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಅನ್ನುವ ನಕ್ಷೆ ಕೆಳಗಿನವರ ಹತ್ತಿರ ಇರಬೇಕು, ಸೈರನ್ ಕೂಡ. ಇಷ್ಟು ಆಗದೆ ಕಂತು ಬಿಡುಗಡೆ ಆಗಬಾರದು.

ಮುಂದಿನ ಅಧಿವೇಶನದಲ್ಲಿ ಹಣಕಾಸು ಮತ್ತು ವಿದೇಶಾಂಗ ಸಚಿವರಿಗೆ ಇದನ್ನು ಲಿಖಿತ ಪ್ರಶ್ನೆಯಾಗಿ ಕೇಳಿ. ಸಚಿವರ ಉತ್ತರ ಬಂದ ಮೇಲೆ ಒಂದು ಪ್ರತಿ ನಮಗೂ ಕಳಿಸಿಕೊಡಿ. ಹಿನ್ನೀರಿನ ಊರುಗಳಲ್ಲಿ ಅದನ್ನು ಓದಿ ಹೇಳುವ ಕೆಲಸ ನನ್ನದು.

ಇಂತಿ ನಿಮ್ಮ ಕ್ಷೇತ್ರದ ಮತದಾರ,
ಹಾರಂಗಿ ಹಿನ್ನೀರಿನ ಒಬ್ಬ ಬೆಳೆಗಾರ
ಸುಂಟಿಕೊಪ್ಪ ಹೋಬಳಿ, ಕೊಡಗು