ನನ್ನ ಕಾರಿನಿಂದ ತೆಗೆದ ಭಾಗ ಎಲ್ಲಿದೆ?

ಮೈಸೂರು
ದಿನಾಂಕ: 6 ಜೂನ್ 2025

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಮಾರುತಿ 800 ಕಾರಿಗೆ ಸೈಲೆನ್ಸರ್ ಅಳವಡಿಸುವಾಗ ಹೊಗೆಯ ವಿಷವನ್ನು ಕಡಿಮೆ ಮಾಡುವ ಭಾಗವಾದ ಕ್ಯಾಟಲಿಟಿಕ್ ಕನ್ವರ್ಟರನ್ನು ನನಗೆ ತಿಳಿಸದೆ ಕತ್ತರಿಸಿ ತೆಗೆದಿರುವುದು

ಮಾನ್ಯರೇ,

ಏಪ್ರಿಲ್ 9ರಿಂದ ಮೇ 30ರವರೆಗೆ ತಮ್ಮ ಗ್ರಾಹಕ ಸೇವಾ ಸಂಖ್ಯೆಗೆ ಏಳು ಸಲ ಕರೆ ಮಾಡಿದ್ದೇನೆ. ಏಳು ಸಲವೂ ಬೇರೆ ಬೇರೆಯವರು ಮಾತನಾಡಿದರು, ಏಳು ಸಲವೂ ನಾನು ಮೊದಲಿನಿಂದ ಹೇಳಿದೆ, ಏಳು ಸಲವೂ "48 ಗಂಟೆಯೊಳಗೆ ನಮ್ಮವರು ಸಂಪರ್ಕಿಸುತ್ತಾರೆ" ಎಂಬ ಉತ್ತರ ಬಂತು. ಯಾರೂ ಸಂಪರ್ಕಿಸಲಿಲ್ಲ. ಆದ್ದರಿಂದ ಈ ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ.

ಕಾರು 2004ರದು. ಬ್ಯಾಂಕ್ ಸಂಬಳದ ಮೇಲೆ ಸಾಲ ಮಾಡಿ ನಾನೇ ಕೊಂಡದ್ದು, ಅಂದಿನಿಂದ ನಾನೇ ಓಡಿಸುತ್ತಿರುವುದು. 15 ವರ್ಷ ತುಂಬಿದ ಮೇಲೆ 2019ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಆರ್‌ಟಿಒ ತಪಾಸಣೆಗೆ ಒಡ್ಡಿ ಆರ್‌ಸಿ ನವೀಕರಿಸಿದ್ದೇನೆ. ಮನೆಯಿಂದ ಕಚೇರಿಗೆ ಮೂರು ಕಿಲೋಮೀಟರ್. ಇಷ್ಟು ಹತ್ತಿರದ ಓಡಾಟದಲ್ಲಿ ಸೈಲೆನ್ಸರ್ ಸರಿಯಾಗಿ ಕಾಯುವುದಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಆವಿ ಒಳಗೇ ತಣಿದು ನಿಂತು ತಗಡನ್ನು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಹೀಗೆ ಕಳೆದ ಜನವರಿಯಲ್ಲಿ ಕಾರಿನ ಹಿಂಭಾಗದ ಸೈಲೆನ್ಸರ್ ಡಬ್ಬಿ ತೂತಾಯಿತು. ತೂತಾದದ್ದು ಡಬ್ಬಿ. ಕನ್ವರ್ಟರ್ ಅಲ್ಲ.

ಆ ವಾರ ಕಂಪನಿಯ ಸೈಲೆನ್ಸರ್ ಎಲ್ಲಿಯೂ ಸಿಗಲಿಲ್ಲ. "ಮಾರುತಿ 800ಕ್ಕೆ ನೇರವಾಗಿ ಕೂರುತ್ತದೆ, ಕತ್ತರಿಸುವ, ಬೆಸೆಯುವ ಅಗತ್ಯವಿಲ್ಲ" ಎಂಬ ತಮ್ಮ ಜಾಹೀರಾತನ್ನು ನಂಬಿ ಫೆಬ್ರವರಿ 11ರಂದು ಅರ್ಧ ದಿನ ರಜೆ ಹಾಕಿ ತಮ್ಮ ಮೈಸೂರಿನ ಕೇಂದ್ರಕ್ಕೆ ಹೋದೆ. ಸೈಲೆನ್ಸರ್, ಕೂಲಿ, ತೆರಿಗೆ ಸೇರಿ 4,300 ರೂಪಾಯಿ ಕೊಟ್ಟೆ. ಹೊರಗೆ ಕುಳಿತಿದ್ದವಳು ವೆಲ್ಡಿಂಗ್ ಕಿಡಿ ಕಂಡು ಎದ್ದು ಹೋಗಿ ಕೇಳಿದಾಗ "ಒಂದು ಚಿಕ್ಕ ಹೊಂದಾಣಿಕೆ ಮೇಡಂ, ಕುಳಿತುಕೊಳ್ಳಿ" ಎಂದರು. ಕುಳಿತೆ. ಅದೇ ನಾನು ಮಾಡಿದ ತಪ್ಪು.

ಮರುದಿನದಿಂದಲೇ ಕಾರಿನೊಳಗೆ ಹೊಗೆಯ ವಾಸನೆ. ನಮ್ಮ ಅತ್ತೆಯವರಿಗೆ 78 ವರ್ಷ, ಉಬ್ಬಸವಿದೆ. ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ "ಸೀಮೆಎಣ್ಣೆ ಸ್ಟವ್ ಪಕ್ಕದಲ್ಲಿ ಕೂತ ಹಾಗಿದೆಯಲ್ಲೇ" ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅಂದಿನಿಂದ ಅವರನ್ನು ಆಟೋದಲ್ಲಿ ಕರೆದೊಯ್ಯುತ್ತಿದ್ದೇನೆ. ಏಪ್ರಿಲ್ 7ರಂದು, ಆರು ತಿಂಗಳ ಎಮಿಷನ್ ಪ್ರಮಾಣಪತ್ರದ ಅವಧಿ ಮುಗಿಯುವ ದಿನ, ತಪಾಸಣೆಗೆ ಹೋದೆ. ನನ್ನ ಕಾರಿನ ವರ್ಗಕ್ಕೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 0.5. ಹಿಂದಿನ ತಪಾಸಣೆಯಲ್ಲಿ ಬಂದದ್ದು 0.18. ಈ ಸಲ 2.6. ತಪಾಸಣೆ ಮಾಡುವ ಹುಡುಗ ಯಂತ್ರ ಕೆಟ್ಟಿರಬಹುದೆಂದು ಕೊಳವೆ ತೆಗೆದು ಮತ್ತೆ ಇಟ್ಟು ನೋಡಿದ. ಅಷ್ಟೇ ಬಂತು.

ನಮ್ಮ ಬಡಾವಣೆಯ ಮೆಕ್ಯಾನಿಕ್ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ "ಅಕ್ಕಾ, ನೀವೇ ಇಳಿದು ನೋಡಿ" ಎಂದು ಕೈಗೆ ಟಾರ್ಚ್ ಕೊಟ್ಟರು. ಕನ್ವರ್ಟರ್ ಇರಬೇಕಾದ ಜಾಗದಲ್ಲಿ ಒಂದು ಗೇಣು ಬರಿಯ ಕೊಳವೆ. ಎರಡು ತುದಿಯಲ್ಲೂ ವೆಲ್ಡಿಂಗ್ ಗಂಟುಗಂಟಾಗಿತ್ತು, ಕಾಣಬಾರದೆಂದು ಮೇಲೆ ಬೆಳ್ಳಿ ಬಣ್ಣ ಬಳಿದಿದ್ದರು. ಒಂದು ಗಂಟಿನ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು, ಅದರ ಸುತ್ತ ಮಸಿ. ಹೊಗೆ ಬರುತ್ತಿದ್ದದ್ದು ಅಲ್ಲಿಂದ. ಸೈಲೆನ್ಸರನ್ನು ತೂಗುಹಾಕುವ ರಬ್ಬರುಗಳಲ್ಲಿ ಒಂದು ಇರಲೇ ಇಲ್ಲ. ಬದಲಿಗೆ ಮನೆ ಕಟ್ಟುವವರು ಕಬ್ಬಿಣದ ಸರಳು ಬಿಗಿಯುವ ತಂತಿಯನ್ನು ನಾಲ್ಕು ಸುತ್ತು ಸುತ್ತಿ ತಿರುಚಿದ್ದರು. ಎಲ್ಲದರ ಚಿತ್ರಗಳನ್ನು ಲಗತ್ತಿಸಿದ್ದೇನೆ.

ಏಪ್ರಿಲ್ 26, ನಾಲ್ಕನೆಯ ಶನಿವಾರ, ಬ್ಯಾಂಕಿಗೆ ರಜೆ. ಬಿಲ್ಲು, ಚಿತ್ರ, ತಪಾಸಣೆಯ ಎರಡೂ ಚೀಟಿ ಹಿಡಿದು ಬೆಳಿಗ್ಗೆ 10.20ಕ್ಕೆ ತಮ್ಮ ಕೇಂದ್ರಕ್ಕೆ ಹೋದೆ. ಅಂದು ನಡೆದದ್ದನ್ನು ಒಂದು ಮಾತೂ ಬಿಡದೆ ಬರೆಯುತ್ತೇನೆ, ಏಕೆಂದರೆ ಫೋನಿನಲ್ಲಿ ಇದನ್ನು ಹೇಳಹೊರಟಾಗಲೆಲ್ಲ ತಮ್ಮವರು ನಡುವೆಯೇ ಕರೆ ಮುಗಿಸಿದ್ದಾರೆ.

ಮೇಲ್ವಿಚಾರಕರು ಮೇಜಿನ ಹಿಂದೆ ಮೊಬೈಲ್ ನೋಡುತ್ತಿದ್ದರು. ಎದುರಿಗಿದ್ದ ಕುರ್ಚಿಯ ಮೇಲೆ ಅವರ ಹೆಲ್ಮೆಟ್ ಇತ್ತು, ತೆಗೆಯಲಿಲ್ಲ. ನಿಂತೇ ಮಾತನಾಡಿದೆ. ಬೇರೆ ನಾಲ್ವರು ಗ್ರಾಹಕರಿದ್ದರು. ಕನ್ವರ್ಟರ್ ಏಕೆ ತೆಗೆದಿರಿ ಎಂದು ಕೇಳಿದೆ. ತಲೆ ಎತ್ತದೆ, "ಈ ಗಾಡಿಗೆ ಕನ್ವರ್ಟರ್ ಬಂದೇ ಇಲ್ಲ ಮೇಡಂ" ಎಂದರು. ಬಂದಿದೆ, ಇದು 2004ರ ಮಾದರಿ ಎಂದೆ. "ಕನ್ವರ್ಟರ್ ಅಂದರೆ ಏನು ಗೊತ್ತೇ ನಿಮಗೆ?" ಎಂದು ಕೇಳಿದರು. ಗೊತ್ತಿದ್ದದ್ದನ್ನು ಹೇಳಿದೆ: ಒಳಗೆ ಜೇನುಗೂಡಿನಂತಹ ಪಿಂಗಾಣಿ ಇರುತ್ತದೆ, ಅದಕ್ಕೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪ ಇರುತ್ತದೆ, ವಿಷದ ಅನಿಲವನ್ನು ಅದು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಅವರು ಪಕ್ಕದ ಗ್ರಾಹಕರ ಕಡೆ ತಿರುಗಿ, "ಯೂಟ್ಯೂಬ್ ನೋಡಿಕೊಂಡು ಬಂದಿದ್ದಾರೆ" ಎಂದು ನಕ್ಕರು. ಆ ಗ್ರಾಹಕರೂ ನಕ್ಕರು. ಆಮೇಲೆ ನನಗೆ, "ಮನೆಯಲ್ಲಿ ಗಂಡಸರು ಯಾರಾದರೂ ಇದ್ದರೆ ಕಳುಹಿಸಿ, ಅವರಿಗೆ ವಿವರವಾಗಿ ಹೇಳುತ್ತೇನೆ" ಎಂದರು.

ನನ್ನ ಪತಿ ತೀರಿಕೊಂಡು ಆರು ವರ್ಷವಾಯಿತು. ಅದನ್ನು ನಾನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕಾರು ನನ್ನದು, ಆರ್‌ಸಿಯಲ್ಲಿ ನನ್ನ ಹೆಸರಿದೆ, ಬಿಲ್ಲಿನಲ್ಲೂ ನನ್ನ ಹೆಸರಿದೆ. ನನಗೇ ಹೇಳಿ ಎಂದೆ. ಆಗ ಹುಡುಗನೊಬ್ಬನನ್ನು ಕರೆದು ನನ್ನ ಕಾರನ್ನು ಚಾಲೂ ಮಾಡಿಸಿ ಜೋರಾಗಿ ಆಕ್ಸಿಲರೇಟರ್ ಒತ್ತಿಸಿದರು. "ಕೇಳಿ, ಏನಾಗಿದೆ? ಇಪ್ಪತ್ತು ವರ್ಷದ ಡಬ್ಬಾ ಗಾಡಿ. ಗುಜರಿಗೆ ಹಾಕಿದರೆ ಈ ಸೈಲೆನ್ಸರ್ ದುಡ್ಡೂ ಹುಟ್ಟುವುದಿಲ್ಲ." ಸರಿ, ತೆಗೆದ ಭಾಗವನ್ನಾದರೂ ಕೊಡಿ ಎಂದೆ. ಉತ್ತರ: "ತೆಗೆದ ಸಾಮಾನೆಲ್ಲ ಗುಜರಿಯವನು ಆವತ್ತೇ ಒಯ್ದ."

ಐದು ನಿಮಿಷದ ಹಿಂದೆ ಕಾರಿನಲ್ಲಿ ಇರಲೇ ಇಲ್ಲವೆಂದ ವಸ್ತುವನ್ನು ಗುಜರಿಯವನು ಹೇಗೆ ಒಯ್ದ? ಅಲ್ಲಿಯೇ ಕೇಳಿದೆ. ಅವರು ಮೊಬೈಲ್ ಕಿವಿಗಿಟ್ಟುಕೊಂಡು ಎದ್ದು ಹೊರಗೆ ಹೋದರು. ನಲವತ್ತು ನಿಮಿಷ ಕಾದೆ. ಬರಲಿಲ್ಲ.

ಆ ಗುಜರಿಯಲ್ಲಿ ಯಾವ ಲೋಹಗಳಿವೆ, ಅವಕ್ಕೆ ಬೆಲೆ ಏನು ಎಂಬುದು ತಮಗೆ ನಾನು ಹೇಳಿಕೊಡಬೇಕಾದದ್ದಲ್ಲ. ತಮ್ಮದೇ ನಿಯಮವೂ ತಮಗೆ ಗೊತ್ತಿದೆ. ಬಿಲ್ಲಿನ ಹಿಂಬದಿಯ 6ನೆಯ ಷರತ್ತು: ತೆಗೆದ ಹಳೆಯ ಭಾಗಗಳನ್ನು ಗ್ರಾಹಕರಿಗೆ ಹಿಂತಿರುಗಿಸಲಾಗುವುದು, ಬೇಡವೆಂದರೆ ಲಿಖಿತ ಒಪ್ಪಿಗೆ ಪಡೆಯಲಾಗುವುದು. ನಾನು ಯಾವ ಒಪ್ಪಿಗೆಗೂ ಸಹಿ ಮಾಡಿಲ್ಲ. ಮಾಡಿದ್ದೇನೆ ಎನ್ನುವುದಾದರೆ ಆ ಕಾಗದವನ್ನು ತೋರಿಸಿ.

ನಿಮ್ಮವರು ಮಾಡಿದ ಕೆಲಸಕ್ಕೆ ದಂಡ ತೆರಬೇಕಾದವಳು ನಾನು. ಮೋಟಾರು ವಾಹನ ಕಾಯ್ದೆಯ 182ಎ(4) ಕಲಂ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ವಾಹನದ ಮಾಲೀಕರನ್ನೇ ಹೊಣೆ ಮಾಡುತ್ತದೆ: 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 190(2)ರಡಿ ಮಾಲಿನ್ಯದ ಮಿತಿ ಮೀರಿದ ವಾಹನ ಓಡಿಸಿದರೆ 10,000 ರೂಪಾಯಿವರೆಗೆ ದಂಡವಿದೆ, ಚಾಲನಾ ಪರವಾನಗಿಯೂ ಮೂರು ತಿಂಗಳು ಹೋಗುತ್ತದೆ. 21 ವರ್ಷದಲ್ಲಿ ಒಂದು ಸಿಗ್ನಲ್ ದಾಟಿದ ದಂಡವನ್ನೂ ಕಟ್ಟಿದವಳಲ್ಲ ನಾನು. ತಮ್ಮ ಕೇಂದ್ರಕ್ಕೆ ತಂದ ಆ ಒಂದು ದಿನ ಬಿಟ್ಟರೆ ಈಗ ಎರಡು ತಿಂಗಳಿಂದ ಕಾರು ಶೆಡ್ಡಿನಲ್ಲಿದೆ, ನಾನು ಬಸ್ಸಿನಲ್ಲಿ ಓಡಾಡುತ್ತಿದ್ದೇನೆ.

ನನ್ನ ಕನ್ವರ್ಟರನ್ನು ಹಿಂತಿರುಗಿಸಿ, ಅಥವಾ ನನ್ನ ಮಾದರಿಗೆ ಸರಿಹೊಂದುವ ಹೊಸದನ್ನು ತಮ್ಮ ಖರ್ಚಿನಲ್ಲಿ ಹಾಕಿಸಿ, ಎಮಿಷನ್ ತಪಾಸಣೆಯಲ್ಲಿ ಉತ್ತೀರ್ಣವಾದ ಚೀಟಿಯೊಡನೆ ಕಾರು ಕೊಡಿ; 4,300 ರೂಪಾಯಿ ವಾಪಸು ಮಾಡಿ. ಹಾಗೆಂದು ಬರೆಯುತ್ತಿದ್ದೇನೆಯೇ ಹೊರತು ತಾವು ಮಾಡುತ್ತೀರಿ ಎಂಬ ಭರವಸೆ ನನಗಿಲ್ಲ. ಆದ್ದರಿಂದ ಮುಂದಿನದನ್ನೂ ತಿಳಿಸುತ್ತೇನೆ. ಈ ಪತ್ರ ತಲುಪಿದ 15 ದಿನಗಳಲ್ಲಿ ಲಿಖಿತ ಉತ್ತರ ಬರದಿದ್ದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ತಮ್ಮ ಪ್ರಧಾನ ಕಚೇರಿ ಬೇರೆ ರಾಜ್ಯದಲ್ಲಿದೆ ಎಂಬ ಮಾತು ನಡೆಯುವುದಿಲ್ಲ. ನಾನು ವಾಸವಿರುವ ಊರಿನಲ್ಲಿಯೇ ದೂರು ಕೊಡಲು ಕಾಯ್ದೆ ಅವಕಾಶ ಕೊಟ್ಟಿದೆ. ಇಷ್ಟು ಮೊತ್ತದ ದೂರಿಗೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ, ನಾನೇ ವಾದಿಸುತ್ತೇನೆ. ನಂಬಿ ಒಪ್ಪಿಸಿದ ವಸ್ತುವನ್ನು ಮಾರಿಕೊಂಡದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಂ ಅಡಿಯಲ್ಲಿ ಪೊಲೀಸ್ ಠಾಣೆಗೆ ಕೊಡುವ ದೂರಿನ ಕರಡು ಸಿದ್ಧವಾಗಿದೆ. ತಮ್ಮ ಕೇಂದ್ರದಲ್ಲಿ ಹೀಗೆ ಎಷ್ಟು ಕಾರುಗಳ ಕನ್ವರ್ಟರ್ ಹೋಗಿದೆ ಎಂದು ತನಿಖೆ ಮಾಡಬೇಕೆಂದು ಆರ್‌ಟಿಒ ಅವರಿಗೂ ಬರೆಯುತ್ತೇನೆ.

ವಿಚಾರಣೆಗೆ ಕರೆದ ದಿನ ಆ ಮೇಲ್ವಿಚಾರಕರನ್ನೇ ಕಳುಹಿಸಿ. ನಮ್ಮ ಮನೆಯಿಂದ ನಾನು ಬರುತ್ತೇನೆ.

ಇಂತಿ,
ತಮ್ಮ ಗ್ರಾಹಕಿ

ಲಗತ್ತು: ಬಿಲ್ಲಿನ ಎರಡೂ ಬದಿಯ ಪ್ರತಿ, ಎಮಿಷನ್ ತಪಾಸಣೆಯ ಎರಡು ಚೀಟಿಗಳು, ಒಂಬತ್ತು ಚಿತ್ರಗಳು, ಏಳು ಕರೆಗಳ ದಿನಾಂಕ ಮತ್ತು ಸಮಯ