ನೀನು ಕೇಳಿದ ಪ್ರಶ್ನೆಗೆ, ಮಗಳೇ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಗಡಿಬಿಡಿಯಲ್ಲಿ ಉತ್ತರ ಕೊಡಲು ಮನಸ್ಸಾಗಲಿಲ್ಲ. "ಹುಡುಗರು ಸಿಗರೇಟ್ ಸೇದಿದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ನನ್ನ ರೂಮ್‌ಮೇಟ್ ಸೇದಿದರೆ ಮಾತ್ರ ಎಲ್ಲರೂ ಗುಸುಗುಸು ಅಂತಾರೆ. ಇದ್ಯಾವ ನ್ಯಾಯ ಅಮ್ಮಾ?" ಅಂದೆ. ಖಂಡಿತ ಅನ್ಯಾಯ ಕಣೇ. ಸೇದುವ ಹುಡುಗಿ ಕೆಟ್ಟವಳು ಅಂತ ನಾನು ಯಾವತ್ತೂ ಹೇಳಲ್ಲ. ಹುಡುಗರು ಸೇದುವುದನ್ನು ನೋಡಿದರೂ ನನಗೆ ಅಷ್ಟೇ ಸಂಕಟ ಆಗುತ್ತದೆ.

ಆದರೆ ಆಮೇಲೆ "ಅದು ಅವಳ ಸ್ವಾತಂತ್ರ್ಯ" ಅಂದೆಯಲ್ಲ, ಆ ಮಾತಿಗೆ ಒಂದು ಹಳೆಯ ಕಥೆ ಇದೆ. ಒಂದು ಕಾಲದಲ್ಲಿ ಅಮೆರಿಕದಲ್ಲೂ ಹೆಂಗಸರು ಬೀದಿಯಲ್ಲಿ ಸಿಗರೇಟ್ ಹಚ್ಚಿದರೆ ಜನ ಮೂಗು ಮುರಿಯುತ್ತಿದ್ದರು. ಇದರಿಂದ ಸಿಗರೇಟ್ ಕಂಪನಿಗಳಿಗೆ ವ್ಯಾಪಾರ ನಷ್ಟ. ಅದಕ್ಕೆ ಒಂದು ಕಂಪನಿ ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರ ನಿಪುಣನನ್ನು ಹಿಡಿಯಿತು. 1929ರ ಈಸ್ಟರ್ ಹಬ್ಬದ ದಿನ ನ್ಯೂಯಾರ್ಕಿನ ಮೆರವಣಿಗೆಯಲ್ಲಿ ಯುವತಿಯರು ಸಿಗರೇಟ್ ಸೇದುತ್ತಾ ನಡೆಯುವ ಹಾಗೆ ಅವನು ಏರ್ಪಾಡು ಮಾಡಿದ. ಪತ್ರಿಕೆಗಳಲ್ಲಿ ಫೋಟೊ ಬರುವ ಹಾಗೂ ನೋಡಿಕೊಂಡ. ಆ ಸಿಗರೇಟುಗಳಿಗೆ ಕೊಟ್ಟ ಹೆಸರು 'ಸ್ವಾತಂತ್ರ್ಯದ ಪಂಜುಗಳು'. ಸಮಾನತೆ ಬೇಕು ಅಂತ ಹೆಣ್ಣುಮಕ್ಕಳು ನಿಜವಾಗಿ ಪಡುತ್ತಿದ್ದ ಆಸೆಯನ್ನೇ ಹಿಡಿದು ಅವರಿಗೆ ಸಿಗರೇಟ್ ಮಾರಿದರು. 1987ರ ಹೊತ್ತಿಗೆ ಅದೇ ದೇಶದಲ್ಲಿ ಹೆಂಗಸರ ಜೀವ ತೆಗೆಯುವುದರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸ್ತನ ಕ್ಯಾನ್ಸರನ್ನೂ ಮೀರಿಸಿತು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಸೇದಬೇಕೋ ಬೇಡವೋ ಅನ್ನುವ ತೀರ್ಮಾನ ಎಷ್ಟು ದಿನ ನಮ್ಮ ಕೈಯಲ್ಲಿ ಇರುತ್ತದೆ ಹೇಳು? ಒಂದು ದಮ್ಮು ಎಳೆದರೆ ಸುಮಾರು 10 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳಿಗೆ ತಲುಪುತ್ತದೆ. ಹಾಯೆನಿಸುತ್ತದೆ. ಅದು ಇಳಿಯುತ್ತಾ ಬಂದ ಹಾಗೆ ಚಡಪಡಿಕೆ, ಸಿಡುಕು. ಇನ್ನೊಂದು ಹಚ್ಚಿದರೆ ಮತ್ತೆ ಸಮಾಧಾನ. ನಿನ್ನ ಗೆಳತಿ "ಟೆನ್ಷನ್ ಕಡಿಮೆ ಆಗುತ್ತೆ" ಅನ್ನುವುದು ಸುಳ್ಳಲ್ಲ. ಆದರೆ ಆ ಟೆನ್ಷನ್ನಿನಲ್ಲಿ ಒಂದು ಪಾಲು ಹಿಂದಿನ ಸಿಗರೇಟೇ ತಂದಿಟ್ಟದ್ದು. ಮಿದುಳು ಪೂರ್ತಿ ಬಲಿಯುವುದು ಸುಮಾರು 25ರ ವಯಸ್ಸಿಗೆ. ಅದಕ್ಕೇ ನಿಮ್ಮ ವಯಸ್ಸಿನಲ್ಲಿ ಚಟ ಬೇಗ ಅಂಟಿಕೊಳ್ಳುತ್ತದೆ. ಹಣ್ಣಿನ ಪರಿಮಳದ ವೇಪ್‌ಗಳಲ್ಲೂ, ಅಂದರೆ ಇ-ಸಿಗರೇಟುಗಳಲ್ಲೂ, ಸಾಮಾನ್ಯವಾಗಿ ಇರುವುದು ಇದೇ ನಿಕೋಟಿನ್.

ಅವಳಿಗೆ ಬೆಳಗ್ಗೆ ಎದ್ದ ಕೂಡಲೇ ಕೆಮ್ಮು ಬರುತ್ತೆ ಅಂದೆಯಲ್ವಾ? ಅದು ಯಾಕೆ ಅಂತ ಕೇಳು. ನಮ್ಮ ಶ್ವಾಸನಾಳದ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಿವೆ. ಹಗಲೂ ರಾತ್ರಿ ಪೊರಕೆಯ ಹಾಗೆ ಧೂಳನ್ನೂ ಕಫವನ್ನೂ ಗಂಟಲ ಕಡೆಗೆ ತಳ್ಳುವುದು ಅವುಗಳ ಕೆಲಸ. ಹೊಗೆ ತಾಗಿದರೆ ಅವು ಮಂಕಾಗುತ್ತವೆ, ದಿನಾ ತಾಗಿದರೆ ಸಾಯುತ್ತವೆ. ಕಫ ಒಳಗೇ ನಿಲ್ಲುತ್ತದೆ. ಅದನ್ನು ಹೊರಹಾಕಲು ದೇಹಕ್ಕೆ ಉಳಿಯುವ ದಾರಿ ಕೆಮ್ಮು ಒಂದೇ. ಇನ್ನೂ ಕೆಳಗೆ, ರಕ್ತಕ್ಕೆ ಆಮ್ಲಜನಕ ಸೇರುವ ಗಾಳಿಚೀಲಗಳಿವೆ. ಅವುಗಳ ಗೋಡೆ ಒಮ್ಮೆ ಹರಿದು ಹಾಳಾದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ. ಮೆಟ್ಟಿಲು ಹತ್ತುವುದಕ್ಕೂ ಉಸಿರು ಸಾಲದ ಕಾಯಿಲೆ ಬರುವುದು ಹೀಗೆ. ಹೃದಯಾಘಾತ, ಪಾರ್ಶ್ವವಾಯು ಬೇರೆ.

ನಿನಗೂ ಒಂದು ಮಾತು. ರೂಮಿನೊಳಗೆ ಸೇದಲು ಬಿಡಬೇಡ, ಕಿಟಕಿ ತೆಗೆದಿದ್ದರೂ ಸರಿ. ಜಪಾನಿನ ತಕೇಶಿ ಹಿರಾಯಾಮ ಎಂಬ ಸಂಶೋಧಕ 1981ರಲ್ಲೇ ಇದನ್ನು ತೋರಿಸಿದ್ದ. ತಾವು ಸೇದದಿದ್ದರೂ, ಗಂಡ ಸೇದುತ್ತಿದ್ದ ಮನೆಗಳ ಹೆಂಗಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಇತ್ತು. ಗೆಳತಿಗೆ ಬೇಜಾರಾದೀತು ಅಂತ ಸುಮ್ನೆ ಇರಬೇಡ.

ಅವಳಿಗೆ ಹೆದರಿಸುವ ಚಿತ್ರ ತೋರಿಸುವ ಬದಲು ರಿಚರ್ಡ್ ಡಾಲ್ ವಿಷಯ ಹೇಳು. ಈ ವೈದ್ಯ ಸ್ವತಃ ಸೇದುತ್ತಿದ್ದವರು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟು ತಮ್ಮದೇ ಅಧ್ಯಯನದಲ್ಲಿ ಕಂಡಾಗ ಬಿಟ್ಟುಬಿಟ್ಟರು. 1951ರಿಂದ ಅವರ ತಂಡ ಬ್ರಿಟನ್ನಿನ ಸಾವಿರಾರು ವೈದ್ಯರ ಬದುಕನ್ನು 50 ವರ್ಷ ಗಮನಿಸಿತು. ಕೊನೆತನಕ ಸೇದಿದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ತೀರಿಕೊಂಡಿದ್ದರು. 50ರಲ್ಲಿ ಬಿಟ್ಟವರಿಗೆ ಸುಮಾರು 6 ವರ್ಷ ಆಯಸ್ಸು ವಾಪಸ್ ಸಿಕ್ಕಿತು, 40ರಲ್ಲಿ ಬಿಟ್ಟವರಿಗೆ 9. 30ರಲ್ಲಿ ಬಿಟ್ಟವರಿಗೆ ಹೆಚ್ಚುಕಡಿಮೆ ಅಷ್ಟೂ ವರ್ಷ. ನಿನ್ನ ಗೆಳತಿಗೆ ಇನ್ನೂ 20!

ಬಿಡುತ್ತೇನೆ ಅಂದರೆ ಜೊತೆಗಿರು. ಸೇದಬೇಕು ಅನ್ನುವ ತಹತಹ ಒಂದೊಂದು ಸಲಕ್ಕೆ ಕೆಲವೇ ನಿಮಿಷ ಜೋರಾಗಿರುತ್ತದೆ. ಆಗ ಕೈಹಿಡಿದು ಹೊರಗೆ ಒಂದು ಸುತ್ತು ನಡೆಸಿಕೊಂಡು ಬಾ. ತೀರಾ ಕಷ್ಟವಾದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ನಿಕೋಟಿನ್ ಗಮ್, ಪ್ಯಾಚ್‌ನಂಥ ಚಿಕಿತ್ಸೆಗಳಿವೆ. ಬಿಟ್ಟು ಮತ್ತೆ ಶುರು ಮಾಡಿದರೆ ಬೈಯಬೇಡ. ಹಲವು ಸಲ ಸೋತ ಮೇಲೆ ಪೂರ್ತಿ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ.

ಈ ಪತ್ರ ಅವಳಿಗೂ ಓದಲು ಕೊಡು. ನನ್ನ ಹತ್ತಿರ ಮಾತಾಡಬೇಕು ಅನಿಸಿದರೆ ನಂಬರ್ ಕೊಡು, ಎಷ್ಟು ಹೊತ್ತಿಗಾದರೂ ಫೋನ್ ಮಾಡಲಿ.

ನಿನ್ನ
ಅಮ್ಮ