ಮನೆಯಿಂದ ಹೊರಡಲಾಗದವರ ಲಾಕ್‌ಡೌನ್ ಇನ್ನೂ ಮುಗಿದಿಲ್ಲ

ಸಂಪಾದಕರೇ,

ಕೆಲ ದಿನಗಳ ಹಿಂದೆ ಇದೇ ಪುಟದಲ್ಲಿ ಓದುಗರೊಬ್ಬರ ಪತ್ರ ಬಂದಿತ್ತು. ಕೊರೊನಾ ಕಾಲದಲ್ಲಿ ಜನ ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ಪೂಜೆ, ಪ್ರಾರ್ಥನೆ ಅಂತ ಮಾಡಿದ್ದೆಲ್ಲ ಬರೀ ಹೊತ್ತು ಕಳೆಯಲು, ಬಾಗಿಲು ತೆರೆದ ಮೇಲೆ ಎಲ್ಲರೂ ಮರೆತರು ಎಂದು ಅವರು ಬರೆದಿದ್ದರು. ಮರೆತದ್ದು ನಿಜ. ಹೊತ್ತು ಕಳೆಯಲು ಮಾಡಿದ್ದು ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನಾನು ಕಾರವಾರದ ಕೋಡಿಬಾಗದವಳು, ಕ್ಯಾಥೊಲಿಕ್ ಕ್ರೈಸ್ತಳು. ಹಾಗಾಗಿ ನಮ್ಮವರ ವಿಷಯವಷ್ಟೇ ಹೇಳುತ್ತೇನೆ, ಉಳಿದವರದ್ದು ಅವರೇ ಹೇಳಲಿ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ನಮಗೆ ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ನಡೆದಿತ್ತು. ಏಪ್ರಿಲ್ 12ಕ್ಕೆ ಈಸ್ಟರ್. ವರ್ಷವಿಡೀ ಇಗರ್ಜಿ (ಚರ್ಚ್) ಕಡೆ ತಲೆ ಹಾಕದವನೂ ಬಂದು ನಿಲ್ಲುವ ವಾರ ಅದು. ಆ ಸಲ ಗರಿಗಳ ಭಾನುವಾರವೂ ಇಲ್ಲ, ಶುಭ ಶುಕ್ರವಾರದ ಶಿಲುಬೆಯ ಹಾದಿಯೂ ಇಲ್ಲ. ಭಟ್ಕಳದಲ್ಲಿ ಶುರುವಿನಲ್ಲೇ ಸೋಂಕು ಕಾಣಿಸಿಕೊಂಡಿದ್ದರಿಂದ ನಮ್ಮ ಜಿಲ್ಲೆಯಲ್ಲಿ ಬಿಗಿ ಸ್ವಲ್ಪ ಜಾಸ್ತಿಯೇ ಇತ್ತು. ಹಿತ್ತಲಿನ ತೆಂಗಿನ ಎಳೆ ಗರಿ ಸೀಳಿ ಮಕ್ಕಳ ಕೈಯಲ್ಲಿ ಪುಟ್ಟ ಶಿಲುಬೆ ಮಾಡಿಸಿ ಬಾಗಿಲಿಗೆ ಸಿಕ್ಕಿಸಿದೆವು. ನಮ್ಮ ಗರಿಗಳ ಭಾನುವಾರ ಅಷ್ಟೇ.

ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ರೋಮಿನ ಸಂತ ಪೇತ್ರರ ಚೌಕದಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ತುಂಬಾ ಜನ ಟಿವಿಯಲ್ಲಿ ನೋಡಿರಬಹುದು. ಇಲ್ಲಿ ಆಗ ರಾತ್ರಿ ಹತ್ತೂವರೆ. ಅಲ್ಲಿ ಮಳೆ, ಚೌಕದಲ್ಲಿ ಒಂದು ನರಪಿಳ್ಳೆ ಇಲ್ಲ. ಅವರು ಆರಿಸಿಕೊಂಡದ್ದು ಮಾರ್ಕನ ಸುವಾರ್ತೆಯ ಬಿರುಗಾಳಿಯ ಕಥೆ. ದೋಣಿಯಲ್ಲಿ ನೀರು ತುಂಬುತ್ತಿದೆ, ಯೇಸು ಹಿಂಬದಿಯಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದಾನೆ, ನಾವು ಸಾಯುತ್ತಿದ್ದೇವೆ, ನಿಮಗೆ ಚಿಂತೆಯೇ ಇಲ್ಲವೇ ಎಂದು ಶಿಷ್ಯರು ಕೂಗುತ್ತಾರೆ. ದೋಣಿ, ಗಾಳಿ ಅಂದರೆ ಏನು ಅಂತ ಬೈತಖೋಲ್ ಬಂದರಿನ ಜನರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಪೋಪರ ಉಪದೇಶ ಏನೇ ಇರಲಿ, ಶಿಷ್ಯರ ಆ ಸಿಟ್ಟಿನ ಪ್ರಶ್ನೆ ಬೈಬಲಿನಲ್ಲೇ ಇದೆಯಲ್ಲ, ನನಗೆ ಅದೇ ದೊಡ್ಡ ಸಮಾಧಾನ ಕೊಟ್ಟಿತು.

ಯಾಕೆಂದರೆ ಆಗ ಫೋನಿಗೆ ಬರುತ್ತಿದ್ದ ಫಾರ್ವರ್ಡ್‌ಗಳು ಬೇರೆಯೇ ರಾಗ ಹಾಡುತ್ತಿದ್ದವು. ಇದು ದೇವರ ಶಿಕ್ಷೆ, ಲೋಕದ ಅಂತ್ಯ ಹತ್ತಿರ ಬಂತು ಅಂತ ಕೆಲವು. ಬೈಬಲಿನ 91ನೇ ಕೀರ್ತನೆಯನ್ನು ದಿನಾ ಓದಿದರೆ ನಿಮ್ಮ ಮನೆಗೆ ರೋಗ ಕಾಲಿಡುವುದಿಲ್ಲ, ಹತ್ತು ಜನರಿಗೆ ಕಳಿಸಿ ಅಂತ ಇನ್ನು ಕೆಲವು. 91ನೇ ಕೀರ್ತನೆ ಒಳ್ಳೆಯದೇ, ನಾವೂ ಓದುತ್ತೇವೆ. ಆದರೆ ಅದನ್ನು ತಾಯತದ ಹಾಗೆ ಹಂಚುವವರು ಮತ್ತಾಯನ ಸುವಾರ್ತೆಯ ನಾಲ್ಕನೇ ಅಧ್ಯಾಯ ತೆಗೆದು ನೋಡಬೇಕು. ದೇವಾಲಯದ ತುದಿಯಿಂದ ಕೆಳಗೆ ಹಾರು, ದೂತರು ನಿನ್ನನ್ನು ಎತ್ತಿಕೊಳ್ಳುತ್ತಾರೆ ಎಂದು ಯೇಸುವಿಗೆ ಇದೇ ಕೀರ್ತನೆಯ ಸಾಲು ಹೇಳಿದವನು ಯಾರು? ಸೈತಾನ. ದೇವರನ್ನು ಪರೀಕ್ಷಿಸಬಾರದು ಎಂದು ಯೇಸು ಅವನ ಬಾಯಿ ಮುಚ್ಚಿಸಿದ. ಅಂದಮೇಲೆ ಕೀರ್ತನೆ ಓದಿ ಮಾಸ್ಕ್ ತೆಗೆದಿಡು ಅನ್ನುವವನಿಗೆ ಏನು ಹೇಳಬೇಕು ಅಂತ ಗೊತ್ತಾಯಿತಲ್ಲ.

ಫೋನಿನಲ್ಲೇ ಸೇರಿ ಪ್ರಾರ್ಥಿಸುತ್ತಿದ್ದ ನಮ್ಮ ಗುಂಪಿನಲ್ಲಿ ಒಬ್ಬರು ಸಿಸ್ಟರ್ (ಸನ್ಯಾಸಿನಿ) ಇದ್ದರು. ಅವರು ಓದಿಸಿದ್ದು 88ನೇ ಕೀರ್ತನೆ. ನಾನು ಅದನ್ನು ಯಾವತ್ತೂ ಸರಿಯಾಗಿ ಓದಿರಲಿಲ್ಲ. ನನ್ನನ್ನು ಕೂಡಿಹಾಕಿದ್ದಾರೆ, ಹೊರಗೆ ಬರಲು ಆಗುತ್ತಿಲ್ಲ, ಗೆಳೆಯರೆಲ್ಲ ದೂರವಾದರು ಅನ್ನುವ ಮಾತು ಅದರಲ್ಲಿದೆ. ಉಳಿದ ಗೋಳಿನ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ಬಂದಾಗ ಸ್ತುತಿಯ ಕಡೆ ತಿರುಗುತ್ತವೆ. ಇದು ತಿರುಗುವುದೇ ಇಲ್ಲ, ಕತ್ತಲಿನಲ್ಲೇ ಮುಗಿಯುತ್ತದೆ. ಓದಿ ಮುಗಿಸಿದಾಗ ಫೋನಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಬಿಣಗಾದ ಒಬ್ಬ ಮಾವಶಿ (ಚಿಕ್ಕಮ್ಮ), "ಇಷ್ಟು ದಿನ ಇದನ್ನು ಯಾಕೆ ಓದಿಸಲಿಲ್ಲ? ನನ್ನ ಮಾತನ್ನೇ ಬರೆದಿಟ್ಟಂಗಿದೆ" ಅಂದರು. ಅವರ ಮಗ ಆಗ ಹಡಗಿನ ಕೆಲಸದಲ್ಲಿದ್ದ. ಬಂದರಿನಲ್ಲಿ ಇಳಿಯಲು ಬಿಡದೆ ಎಲ್ಲೋ ಸಮುದ್ರದ ನಡುವೆ ಸಿಕ್ಕಿಕೊಂಡಿದ್ದ. ಎಲ್ಲ ಸರಿಹೋಗುತ್ತದೆ, ಧೈರ್ಯವಾಗಿರಿ ಅಂತ ಎಲ್ಲರೂ ಅವರಿಗೆ ಹೇಳುತ್ತಲೇ ಇದ್ದೆವು. ನಮ್ಮ ಮಾತಿಗಿಂತ ಆ ಕೀರ್ತನೆಯೇ ಅವರಿಗೆ ಹೆಚ್ಚು ಆಸರೆಯಾಯಿತು ಅಂತ ನನಗೆ ಈಗಲೂ ಅನಿಸುತ್ತದೆ.

ಗುಂಪು ಅಂದೆನಲ್ಲ, ಅದು ದೊಡ್ಡದೇನಲ್ಲ. ಐದು ಮನೆ, ಸಂಜೆ ಏಳಕ್ಕೆ ಕಾನ್ಫರೆನ್ಸ್ ಕಾಲ್, ಅದರಲ್ಲಿ ತೆರ್ಸ್, ಅಂದರೆ ಜಪಸರ. ವಿಡಿಯೋ ಎಲ್ಲ ನಮ್ಮ ನೆಟ್‌ವರ್ಕಿಗೆ ಆಗುವ ಮಾತಲ್ಲ, ಇಬ್ಬರ ಹತ್ತಿರ ಇದ್ದದ್ದು ಬಟನ್ ಫೋನು. ಜಪಸರದಲ್ಲಿ ಐದು ರಹಸ್ಯಗಳು, ಒಂದೊಂದಕ್ಕೆ ಹತ್ತು ನಮೋ ಮರಿಯಾ. ಮನೆಗೊಂದು ರಹಸ್ಯ ಅಂತ ಹಂಚಿಕೊಂಡೆವು. ಮೊದಮೊದಲು ಬರೀ ಗಲಾಟೆ. ಫೋನಿನಲ್ಲಿ ದನಿ ತಡವಾಗಿ ಬರುವುದರಿಂದ ಒಬ್ಬರು ಆಮೆನ್ ಅನ್ನುವಾಗ ಇನ್ನೊಬ್ಬರು ಇನ್ನೂ ಅರ್ಧದಲ್ಲಿ, ಮೂರನೆಯವರ ಮನೆಯಲ್ಲಿ ಕುಕ್ಕರ್ ಸೀಟಿ. ಕೊನೆಗೆ ಉತ್ತರ ಕೊಡುವವರು ಒಬ್ಬರೇ, ಉಳಿದವರು ಅವರವರ ಮನೆಯಲ್ಲಿ ಹೇಳಿಕೊಳ್ಳಬೇಕು ಅಂತ ಆಯಿತು. ಮಾವಶಿಗೆ ಕಿವಿ ಸ್ವಲ್ಪ ಮಂದ. ಅವರು ಫೋನನ್ನು ಖಾಲಿ ಸ್ಟೀಲ್ ಲೋಟದಲ್ಲಿ ನಿಲ್ಲಿಸಿ ಇಡುತ್ತಿದ್ದರು, ದನಿ ದೊಡ್ಡದಾಗುತ್ತದೆ ಅಂತ. ಅವರ ಸರದಿ ಬಂದಾಗ ಅವರ ದನಿಯೂ ಲೋಟದೊಳಗಿಂದಲೇ ಬರುತ್ತಿತ್ತು! ಪ್ರಾರ್ಥನೆ ಮುಗಿದರೂ ಯಾರೂ ಫೋನ್ ಇಡುತ್ತಿರಲಿಲ್ಲ. ಮೀನು ಸಿಕ್ತಾ, ಬಿಪಿ ಮಾತ್ರೆ ಎಷ್ಟಿದೆ, ಮಗ ಫೋನ್ ಮಾಡಿದ್ನಾ. ಸಿಸ್ಟರ್ ಆ ಮಾತುಗಳನ್ನು ಒಂದು ದಿನವೂ ತಡೆಯಲಿಲ್ಲ.

ಹೊತ್ತು ಕಳೆಯಲು ಅಂದವರಿಗೆ ಇನ್ನೊಂದು ವಿಷಯ ಹೇಳಬೇಕು. ಮನೆಯಲ್ಲಿ ಬಂದಿಯಾಗಿ ಇನ್ನೊಬ್ಬರಿಗೆ ಧೈರ್ಯ ಹೇಳುವುದು ನಮ್ಮಲ್ಲಿ ಹೊಸದಲ್ಲ. ಸಂತ ಪೌಲನು ರೋಮಿನಲ್ಲಿ ಕಾವಲಿನ ಸಿಪಾಯಿಯ ಜೊತೆ ಬಾಡಿಗೆ ಮನೆಯಲ್ಲಿ ಎರಡು ವರ್ಷ ಇದ್ದ, ಬಂದವರನ್ನೆಲ್ಲ ಒಳಗೆ ಕರೆದು ಮಾತಾಡಿಸುತ್ತಿದ್ದ ಎನ್ನುವಲ್ಲಿಗೇ ಬೈಬಲಿನ ಪ್ರೇಷಿತರ ಕಾರ್ಯಗಳ ಪುಸ್ತಕದ ಕಥೆ ನಿಲ್ಲುತ್ತದೆ. ನಮ್ಮ ಕಾಲಕ್ಕೆ ಹತ್ತಿರದವರು ಬೇಕೆಂದರೆ ವಿಯೆಟ್ನಾಂನ ಬಿಷಪ್ ವಾನ್ ತುವಾನ್ ಇದ್ದಾರೆ. ಪೂರ್ತಿ ಹೆಸರಿನಲ್ಲಿ ನಮ್ಮ ಚಂದಾವರದ ಇಗರ್ಜಿಯ ಸಂತ ಫ್ರಾನ್ಸಿಸ್ ಸೇವಿಯರರ ಹೆಸರೇ ಇದೆ. 1975ರ ಆಗಸ್ಟ್ 15ರಂದು ಅಲ್ಲಿನ ಕಮ್ಯುನಿಸ್ಟ್ ಸರ್ಕಾರದವರು ಬಿಷಪರನ್ನು ಹಿಡಿದರು. ಒಟ್ಟು 13 ವರ್ಷ ಬಂಧನ, ಅದರಲ್ಲಿ 9 ವರ್ಷ ಒಂಟಿ ಸೆರೆ. ಮೊದಲು ಒಂದು ಹಳ್ಳಿಯ ಮನೆಯಲ್ಲಿ ಕಾವಲಿನಲ್ಲಿ ಇಟ್ಟಿದ್ದಾಗ ಚಿಕ್ಕ ಹುಡುಗನೊಬ್ಬ ಹಳೇ ಕ್ಯಾಲೆಂಡರ್ ಹಾಳೆಗಳನ್ನು ತಂದುಕೊಡುತ್ತಿದ್ದ. ಅವುಗಳ ಹಿಂಬದಿಯಲ್ಲಿ ತಮ್ಮ ಜನರಿಗೆ ನಾಲ್ಕು ಮಾತು ಬರೆದು ಕಳಿಸುತ್ತಿದ್ದರು, ಹುಡುಗನ ಮನೆಯವರು ನಕಲು ಮಾಡಿ ಹಂಚುತ್ತಿದ್ದರು. ಜೈಲಿನಲ್ಲಿ ಹೊಟ್ಟೆನೋವಿನ ಔಷಧಿ ಅಂತ ಚೀಟಿ ಅಂಟಿಸಿ ಬಂದ ಬಾಟಲಿಯಲ್ಲಿ ಇದ್ದದ್ದು ದ್ರಾಕ್ಷಾರಸ. ಮೂರು ಹನಿ ರಸ, ಒಂದು ಹನಿ ನೀರು ಅಂಗೈಯಲ್ಲಿ ಹಾಕಿಕೊಂಡು ಬಲಿಪೂಜೆ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸ ಅರ್ಪಿಸುವ ನಮ್ಮ ಮುಖ್ಯ ಪೂಜೆ, ಮಾಡುತ್ತಿದ್ದರು. ಮುಂದೆ 2001ರಲ್ಲಿ ಕಾರ್ಡಿನಲ್ ಆದರು.

ಈಗ ನಾನು ಈ ಪತ್ರ ಬರೆದ ಕಾರಣಕ್ಕೆ ಬರುತ್ತೇನೆ. 2020ರ ಜೂನ್ 8ರಿಂದ ಪ್ರಾರ್ಥನಾಲಯ ತೆರೆಯಲು ಅನುಮತಿ ಬಂತು. ಅದೇ ನಿಯಮದಲ್ಲಿ 65 ದಾಟಿದವರು ಮನೆಯಲ್ಲೇ ಇರುವುದು ಒಳ್ಳೆಯದು ಎಂದಿತ್ತು. ಅವರಲ್ಲಿ ಸುಮಾರು ಜನ ಅವತ್ತು ಒಳಗೆ ಕೂತವರು ಮತ್ತೆ ಹೊರಗೆ ಬರಲೇ ಇಲ್ಲ. ಮೊಣಕಾಲು ಕೈಕೊಟ್ಟಿತು, ಕಣ್ಣು ಮಂಜಾಯಿತು, ಕರೆದುಕೊಂಡು ಹೋಗುವ ಮಕ್ಕಳು ಗೋವಾಕ್ಕೋ ಗಲ್ಫಿಗೋ ಹೋದರು. ಮೇಲಿಂದ ನಮ್ಮ ಮಳೆ. 2021ರ ಜುಲೈನಲ್ಲಿ ಕಾಳಿ ನದಿ ಉಕ್ಕಿ ಕದ್ರಾ ಅಣೆಕಟ್ಟಿನ ಕೆಳಗಿನ ಊರುಗಳಿಗೆ ನೀರು ನುಗ್ಗಿತು, 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಯಿತು. ಇಂಥ ಪ್ರತಿ ಸಲವೂ ಮೊದಲು ಒಂಟಿಯಾಗುವವರು ಇವರೇ. ಫಾದರ್ ತಿಂಗಳ ಮೊದಲ ಶುಕ್ರವಾರ ರೋಗಿಗಳಿಗೆ ಪರಮ ಪ್ರಸಾದ ತಂದುಕೊಡುತ್ತಾರೆ, ಸರಿ. ಉಳಿದ ದಿನ? ಆರೋಗ್ಯವಂತರಾದ ನಾವು ಬಾಗಿಲು ತೆರೆದ ಕೂಡಲೇ ಕಾನ್ಫರೆನ್ಸ್ ಕಾಲ್ ನಿಲ್ಲಿಸಿಬಿಟ್ಟೆವು, ಅಲ್ವಾ? ನಮಗೆ ಬೇಡವಾಯಿತು, ಅವರಿಗೆ ಬೇಕೇ ಇತ್ತು.

ನಮ್ಮ ವಾಡೆಯಲ್ಲಿ ಈ ಮಳೆಗಾಲದಿಂದ ಮತ್ತೆ ಶುರು ಮಾಡಿದ್ದೇವೆ. ಧರ್ಮೋಪದೇಶದ ತರಗತಿಯ ಮಕ್ಕಳು ಫೋನ್ ಜೋಡಿಸಿಕೊಡುತ್ತಾರೆ, ಅಜ್ಜಿಯಂದಿರೇ ಪ್ರಾರ್ಥನೆ ನಡೆಸುತ್ತಾರೆ. ಮಾಡಬೇಕು ಅನ್ನುವವರಿಗೆ ಒಂದೇ ಮಾತು: ಉಪದೇಶ ಕೊಡಲು ಹೋಗಬೇಡಿ. ಹಾಸಿಗೆ ಹಿಡಿದವರಿಗೆ ಸಹನೆಯ ಪಾಠ ಸಾಕಷ್ಟಾಗಿದೆ. ಯಾವ ಕೀರ್ತನೆ ಓದೋಣ ಅಂತ ಅವರನ್ನೇ ಕೇಳಿ, ಮುಗಿದ ಮೇಲೆ ಫೋನ್ ಇಡುವ ಅವಸರ ಮಾಡಬೇಡಿ. ಸಿರ್ಸಿ, ಹಳಿಯಾಳ ಕಡೆ ಮನೆಗಳು ದೂರ ದೂರ, ಹಳಿಯಾಳದ ಸಿದ್ದಿ ಕ್ರೈಸ್ತರ ಕೆಲವು ಕೇರಿಗಳಂತೂ ಕಾಡಿನ ಅಂಚಿನಲ್ಲಿವೆ. ಅಲ್ಲಿ ಇದರ ಅಗತ್ಯ ನಮಗಿಂತ ಹೆಚ್ಚೇ ಇರಬೇಕು.

ನಿಮ್ಮಲ್ಲೂ ಒಂದು ವಿನಂತಿ ಇದೆ. ಜಿಲ್ಲಾ ಪುಟದಲ್ಲಿ ದಿನದ ಕಾರ್ಯಕ್ರಮಗಳ ಪಟ್ಟಿ ಹಾಕುತ್ತೀರಿ, ಅದೆಲ್ಲ ಹೋಗಿ ಬರಲು ಆಗುವವರಿಗೆ. ಶನಿವಾರ ಒಂದು ದಿನ ಮನೆಯಲ್ಲೇ ಇರುವವರಿಗಾಗಿ ಸ್ವಲ್ಪ ಜಾಗ ಕೊಡಿ. ಯಾವ ಗುಡಿಯ ಭಜನೆ, ಯಾವ ಇಗರ್ಜಿಯ ಪೂಜೆ, ಯಾವ ಮಸೀದಿಯ ಪ್ರವಚನ ಎಷ್ಟು ಗಂಟೆಗೆ ಫೋನಿನಲ್ಲಿ, ರೇಡಿಯೋದಲ್ಲಿ ಸಿಗುತ್ತದೆ ಅಂತ ಹಾಕಿದರೆ ಸಾಕು. ಮೊಬೈಲ್‌ನಲ್ಲಿ ಹುಡುಕಲು ಅವರಿಗೆ ಬರುವುದಿಲ್ಲ, ಪೇಪರ್ ಮಾತ್ರ ಬೆಳಿಗ್ಗೆ ಕೈಗೆ ಬರುತ್ತದೆ. ಅಕ್ಷರ ಸ್ವಲ್ಪ ದೊಡ್ಡದಿರಲಿ. ಅವರಲ್ಲಿ ಹೆಚ್ಚಿನವರ ಕನ್ನಡಕ ಬದಲಾಯಿಸಿ ಬಹಳ ವರ್ಷವಾಗಿದೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಕೋಡಿಬಾಗ, ಕಾರವಾರ